ಮದುವೆ ಕಾರ್ಡಿನಲ್ಲೊಂದು ಸ್ವರ್ಗದ ಸಾಲು

ನಂಜನಗೂಡಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಎರಡು ವರ್ಷದ ಹಿಂದೆ, ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಮಗಳ ಮದುವೆ ಕಾರ್ಡು ಮಾಡಿಸಲು ಬಂದರು. ತಾತನ ಕಾಲದಿಂದ ಅವರದು ಪ್ರೊಟೆಸ್ಟೆಂಟ್ ಕ್ರೈಸ್ತ ಮನೆತನ. ಜೊತೆಯಲ್ಲಿ ಹುಡುಗನ ತಾಯಿ ಇದ್ದರು. ನರಸೀಪುರದವರು, ನರ್ಸ್ ಕೆಲಸದಿಂದ ನಿವೃತ್ತರಾದವರು. ಅವರೂ ಕ್ರೈಸ್ತರೇ, ಆದರೆ ಮಾರ್ಮನ್ ಪಂಗಡ. ಆ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಹೆಸರು, ದಿನ, ಚರ್ಚು, ಊಟದ ಛತ್ರ ಎಲ್ಲ ಬೇಗ ಮುಗಿಯಿತು. ಆಮೇಲೆ ನರ್ಸಮ್ಮ, ಹುಡುಗ ಹುಡುಗಿಯ ಹೆಸರಿನ ಕೆಳಗೆ 'ಈ ಲೋಕಕ್ಕೂ ನಿತ್ಯಕಾಲಕ್ಕೂ' ಎಂದು ಸೇರಿಸಲು ಹೇಳಿದರು. ಮೇಷ್ಟ್ರು ಕನ್ನಡಕ ತೆಗೆದರು. ಮದುವೆ ನಡೆಯುವ ತಮ್ಮ ಚರ್ಚಿನಲ್ಲಿ ಪ್ರಮಾಣ ಮಾಡಿಸುವುದು ಮರಣದವರೆಗೆ ಮಾತ್ರ, ಹಾಕುವುದಾದರೆ ಅದನ್ನೇ ಹಾಕು ಎಂದರು.

ನನಗೆ ಪೇಚಿಗಿಟ್ಟುಕೊಂಡಿತು. "ಸಾ, ಮದ್ವೆ ಕಾರ್ಡಲ್ಲಿ ಮರಣ ಅಂತ ನಾನು ಇದುವರ್ಗೂ ಟೈಪ್ ಮಾಡಿಲ್ಲ. ಜನ ತಿಥಿ ಕಾರ್ಡು ಅನ್ಕೋತಾರೆ" ಎಂದೆ.

ಇಬ್ಬರೂ ನಕ್ಕರು, ಆದರೆ ಯಾರೂ ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಇದ್ದದ್ದರಿಂದ ಫೈಲು ಸೇವ್ ಮಾಡಿ, ಮೇಷ್ಟ್ರಿಗೂ ನನಗೂ ಟೀ, ಟೀ ಬೇಡವೆಂದ ನರ್ಸಮ್ಮನಿಗೆ ಹಾಲು ತರಿಸಿದೆ.

ಟೀ ಕುಡಿಯುತ್ತ ಮೇಷ್ಟ್ರು ನನಗೆ ಪಾಠ ಮಾಡುವ ಹಾಗೆ ವಿವರಿಸಿದರು. ಒಬ್ಬರಾದ ಮೇಲೊಬ್ಬರಂತೆ ಏಳು ಮಂದಿ ಅಣ್ಣತಮ್ಮಂದಿರನ್ನು ಮದುವೆಯಾದ ಹೆಂಗಸು ಕೊನೆಗೆ ಯಾರ ಹೆಂಡತಿ ಎಂದು ಯೇಸುವನ್ನು ಕೇಳಿದರಂತೆ. ಸತ್ತವರು ಎದ್ದ ಮೇಲೆ ಮದುವೆ ಎಂಬುದೇ ಇಲ್ಲ, ಎಲ್ಲರೂ ದೇವದೂತರ ಹಾಗೆ ಇರುತ್ತಾರೆ ಎಂದು ಆತ ಹೇಳಿದನಂತೆ. ಪ್ರೀತಿ ಉಳಿಯುತ್ತದೆ, ಗಂಡ ಹೆಂಡತಿ ಎಂಬ ನಂಟು ಈ ಮಣ್ಣಿಗೇ ಮುಗಿಯುತ್ತದೆ ಎಂಬುದು ಮೇಷ್ಟ್ರ ಮಾತು.

ತಾವೂ ಅದನ್ನು ಓದುತ್ತೇವೆ ಎಂದರು ನರ್ಸಮ್ಮ. ಆ ಮಾತು ಈ ಲೋಕಕ್ಕಷ್ಟೇ ಆದ ಮದುವೆಗಳಿಗೆ. ತಮ್ಮ ದೇವಾಲಯದಲ್ಲಿ ಮುದ್ರೆ ಎಂಬ ವಿಧಿಯಿಂದ ಬೆಸೆದ ಮದುವೆ ಸಾವಿನಿಂದಲೂ ಕಳಚುವುದಿಲ್ಲ, ಮಕ್ಕಳೂ ತಂದೆತಾಯಿಗೆ ಸೇರಿಯೇ ಇರುತ್ತಾರೆ. ಮೇಲೆ ಮೂರು ಹಂತದ ಲೋಕಗಳಿವೆ, ತೀರ ಮೇಲಿನದಕ್ಕೆ ಏರಲು ಆ ಮುದ್ರೆ ಬೇಕು. ಬದುಕಿದ್ದಾಗ ಇದು ತಿಳಿಯದವರಿಗೆ ಸತ್ತ ಮೇಲೂ ಕೇಳಿ ಒಪ್ಪಿಕೊಳ್ಳಲು ಅವಕಾಶವಿದೆ.

"ಅಂದ್ರೆ ನಂಗೂ ಒಂದು ಸಪ್ಲಿಮೆಂಟರಿ ಐತೆ ಅನ್ನಿ" ಎಂದರು ಮೇಷ್ಟ್ರು. ಹಾಗಾದರೆ ತಮ್ಮ ಮಗಳು ಅಲ್ಲಿಯೂ ಸೊಸೆಯಾಗಿಯೇ ಇರಬೇಕೇ ಎಂದು ಕೇಳಿದರು.

"ಅಲ್ಲೂ ನಾನೇನು ಮುದ್ದೆ ತಿರುವ್ಸಾಕಿಲ್ಲ, ಬುಡಿ ಸಾ" ಎಂದು ನರ್ಸಮ್ಮ ನಗತೊಡಗಿದರು.

ನೀವು ಈ ಪಂಗಡಕ್ಕೆ ಬಂದದ್ದು ಹೇಗೆ ಎಂದು ನಾನು ಕೇಳಿದೆ. ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡ ಕಾಮಾಲೆಯಿಂದ ತೀರಿಕೊಂಡರಂತೆ. ಆಗ ಮಗನಿಗೆ ಎಂಟು ತಿಂಗಳು. ಅವರನ್ನು ಮೇಲೆ ಕಾಣುತ್ತೀಯ ಎಂದು ಹಳೆಯ ಚರ್ಚಿನ ಪಾದ್ರಿ ಸಮಾಧಾನ ಹೇಳಿದಾಗ, ನನ್ನ ಗಂಡನಾಗಿಯೇ ಸಿಗುತ್ತಾರಾ ಎಂದು ಇವರು ಕೇಳಿದರಂತೆ. ಇಲ್ಲ ಎಂದು ಪಾದ್ರಿ ಇದ್ದದ್ದನ್ನೇ ಹೇಳಿದರು. ಎಷ್ಟೋ ವರ್ಷದ ಮೇಲೆ ಮೈಸೂರಿನಲ್ಲಿ ಬಿಳಿ ಅಂಗಿ ತೊಟ್ಟ ಇಬ್ಬರು ತರುಣ ಮಾರ್ಮನ್ ಪ್ರಚಾರಕರು ಬೇರೆ ಉತ್ತರ ಕೊಟ್ಟರು. ಮಗನೊಂದಿಗೆ ಹೊರದೇಶದ ದೇವಾಲಯಕ್ಕೆ ಹೋದರು. ಅಲ್ಲಿ ಗಂಡನ ಸ್ಥಾನದಲ್ಲಿ ಇನ್ನೊಬ್ಬರು ನಿಂತು, ತೀರಿಹೋದವರ ಹೆಸರಿನಲ್ಲೇ ಮುದ್ರೆಯಾಯಿತು.

"ಮೂರೇ ವರ್ಸ ಸಾ. ಅದ್ರಲ್ಲಿ ಒಂದೂವರೆ ವರ್ಸ ನಂಗೆ ನೈಟ್ ಡ್ಯೂಟಿ" ಎಂದರು. "ಅಷ್ಟೇಯ ಅಂದ್ರೆ ನಂಗೆ ಸಾಲ್ದು."

ಮೇಷ್ಟ್ರು ಖಾಲಿ ಲೋಟ ಕೆಳಗಿಟ್ಟರು.

"ನಂಗೆ ನಂಬಾಕಾಗಕಿಲ್ಲ ಕಣಮ್ಮ" ಎಂದರು. "ಆದ್ರೆ ನಿಮ್ದು ಸುಳ್ಳಾಗ್ಲಿ ಅಂತ್ಲೂ ಅನ್ಸಾಕಿಲ್ಲ."

ತಮ್ಮ ಸಾಲು ಬೇಡ ಎಂದು ನನಗೆ ಹೇಳಿದರು. ಹಾಗಿದ್ದರೆ ತಮ್ಮದೂ ಬೇಡ ಎಂದರು ನರ್ಸಮ್ಮ. ದೇವರು ಸೇರಿಸಿದವರನ್ನು ಮನುಷ್ಯ ಅಗಲಿಸಬಾರದು ಎಂಬರ್ಥದ ಮಾತೊಂದು ಇಬ್ಬರಿಗೂ ಬಾಯಿಪಾಠವಿತ್ತು. ಅದರಲ್ಲಿ ಸಾವೂ ಇಲ್ಲ, ನಿತ್ಯಕಾಲವೂ ಇಲ್ಲ. ಕರೆಂಟು ಬಂದ ಕೂಡಲೇ ಅದನ್ನು ಟೈಪ್ ಮಾಡಿದೆ.

ಮದುವೆಗೆ ನಾನೂ ಹೋಗಿದ್ದೆ. ಪ್ರಮಾಣದಲ್ಲಿ ಮರಣದ ಮಾತು ಬಂದಾಗ ನರ್ಸಮ್ಮನ ಕಡೆ ನೋಡಿದೆ. ಕಣ್ಣೊರೆಸಿಕೊಳ್ಳುತ್ತ ಮಗನನ್ನೇ ನೋಡಿ ನಗುತ್ತಿದ್ದರು. ಊಟಕ್ಕೆ ಕೂತಾಗ, ಬೀಗರ ಲೆಕ್ಕದಲ್ಲಿ ನಾವಿಬ್ಬರೂ ಯಾವತ್ತಿಗೂ ಜೊತೆಯಲ್ಲೇ ಇರಬಹುದಂತೆ ಎಂದು ಮೇಷ್ಟ್ರು ಹೆಂಡತಿಗೆ ಹೇಳಿದರು. ಆಕೆ ಬಿರಿಯಾನಿ ಬಡಿಸಿಕೊಳ್ಳುತ್ತ, "ಅರ್ಜೆಂಟಿಲ್ವಲ್ಲ, ಯೋಚ್ನೆ ಮಾಡಿ ಯೋಳ್ತೀನಿ" ಎಂದರು.

ಮೊನ್ನೆ ನರಸೀಪುರದ ಬಸ್ಸಿನಲ್ಲಿ ಮೇಷ್ಟ್ರು ಸಿಕ್ಕಿದ್ದರು. ಮೊಮ್ಮಗಳನ್ನು ನೋಡಲು ಹೊರಟಿದ್ದರು. ಕೂಸಿಗೆ ದೀಕ್ಷಾಸ್ನಾನ ಈಗಲೇ ಆಗಲಿ ಎಂದು ಇವರು, ತಮ್ಮ ಪಂಗಡದ ರೂಢಿಯಂತೆ ಎಂಟು ವರ್ಷ ತುಂಬಲಿ ಎಂದು ನರ್ಸಮ್ಮ. ಎರಡು ಭಾನುವಾರದಿಂದ ಅದೇ ಮಾತಂತೆ. ಇವತ್ತು ನರ್ಸಮ್ಮ ಮೀನು ಸಾರು ಮಾಡಿರುತ್ತಾರೆ, ಊಟ ಮುಗಿಸಿಕೊಂಡು ಮಿಕ್ಕದ್ದನ್ನು ಮಾತಾಡುತ್ತೇವೆ ಎಂದರು ಮೇಷ್ಟ್ರು.