ಬೀದಿ ನೋಡುವ ದೊಡ್ಡಮ್ಮ

ಮನೆ ಕೊಳ್ಳಲು ಹೊರಟ ನೆಂಟರೆಲ್ಲ ದೊಡ್ಡಮ್ಮನನ್ನು ಜೊತೆಗೆ ಕರೆದೊಯ್ಯುತ್ತಾರೆ. ದಲ್ಲಾಳಿಗಳು ಮಾತ್ರ ಅವಳನ್ನು ಕಂಡರೆ ದಾರಿ ಬದಲಿಸುತ್ತಾರೆ. ಬಂದವರು ಗೋಡೆಯ ಬಣ್ಣಕ್ಕೆ ಮರುಳಾಗುತ್ತಿದ್ದರೆ ಅವಳು ಬೀದಿಯಲ್ಲೇ ನಿಂತು ಹೊಸ ಡಾಂಬರನ್ನು ಚಪ್ಪಲಿಯಿಂದ ಒತ್ತುತ್ತಾಳೆ, ಚರಂಡಿಗೆ ಬಗ್ಗುತ್ತಾಳೆ, ದೀಪದ ಕಂಬವನ್ನು ಕಳ್ಳನೋ ಎಂಬ ಹಾಗೆ ದುರುಗುಟ್ಟಿ ನೋಡುತ್ತಾಳೆ. "ಇದಕ್ಕೆಲ್ಲ ದುಡ್ಡು ಕೊಡೋರು ಯಾರಪ್ಪಾ?" "ಸರ್ಕಾರ, ಅಮ್ಮಾ," ಎನ್ನುತ್ತಾನೆ ದಲ್ಲಾಳಿ. "ಯಾಕೆ, ಸರ್ಕಾರ ನಿಮ್ಮ ಮಾವನಾ?" ಎಂದವಳೇ ನೆಟ್ಟಗೆ ಪುರಸಭೆಗೆ ನಡೆಯುತ್ತಾಳೆ. ಕಾಮಗಾರಿಯ ಖರ್ಚನ್ನು ಪುರಸಭೆಯವರು ಬೀದಿಯ ಮನೆಗಳ ಮೇಲೆ ವಿಶೇಷ ಕರವಾಗಿ ಹಾಕುತ್ತಾರೆ; ಬಾಕಿ ಉಳಿದರೆ ಅದು ಮನೆ ಕೊಂಡವರ ತಲೆಗೇ ಬರುತ್ತದೆ. ಆ ಮಾತನ್ನು ಕೊಳ್ಳುವವರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಹೀಗೆ ಮುಚ್ಚಿಡುವ ಜಾಣತನದ ಮೇಲೆ ದೊಡ್ಡಮ್ಮನಿಗಿರುವ ಸಿಟ್ಟು ನೋಡಿ ಪುರಸಭೆಯ ಗುಮಾಸ್ತ ಊಟದ ಡಬ್ಬಿ ಮುಚ್ಚಿ ಎದ್ದು ನಿಲ್ಲುತ್ತಾನೆ. ಒಮ್ಮೆ ದೊಡ್ಡಮ್ಮನ ತಂಗಿಯ ಮಗಳು ಮೆಚ್ಚಿದ ಮನೆಯ ಮೇಲೂ ಚರಂಡಿಯ ಕರ ಬಾಕಿಯಿತ್ತು. ಅವಳ ಕೈಗೆಟುಕುವ ಮನೆಯೆಂದರೆ ಅದೊಂದೇ; ಹುಡುಗಿಯ ಮುಖ ಬಾಡಿತು. ದೊಡ್ಡಮ್ಮ ಮಾರುವವರನ್ನು ಎದುರಿಗೆ ಕೂರಿಸಿಕೊಂಡು, ಕ್ರಯಕ್ಕೆ ಮೊದಲು ಕರವನ್ನು ಅವರೇ ಕಟ್ಟಬೇಕೆಂದು ಒಪ್ಪಿಸಿ, ಕಟ್ಟಿಸಿಯೇ ಬಿಟ್ಟಳು. ಆಮೇಲೆ ಮೊದಲ ಸಲ ಆ ಮನೆಯೊಳಗೆ ಕಾಲಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ಬಿಸಿಲು ಬಿದ್ದ ಮೂಲೆಯಲ್ಲಿ ಮಗುವಿನ ಹಾಗೆ ಬೆರಗಾಗಿ ನಿಂತಳು. "ಇಷ್ಟು ದಿನ ಯಾಕೆ ಒಳಗೆ ಬರ್ಲಿಲ್ಲ, ದೊಡ್ಡಮ್ಮಾ?" ಎಂದಳು ಹುಡುಗಿ. "ನೋಡಿದ್ರೆ ಇಷ್ಟ ಆಗ್ಬಿಡುತ್ತೆ ಕಣೇ. ಇಷ್ಟ ಆದ್ಮೇಲೆ ಕೇಳಬೇಕಾದ್ದನ್ನ ಕೇಳೋಕೆ ನನಗೂ ಬಾಯಿ ಬರಲ್ಲ. ಈಗ ಬಾ, ಮಂಚ ಎಲ್ಲಿ ಹಾಕೋಣ ಹೇಳು."