ಗುರುವಾರದ ಅತಿಥಿ

ಮೊನ್ನೆ ಬೆಳಿಗ್ಗೆ ಸತ್ಯನಾರಾಯಣಪೇಟೆಯ ನಮ್ಮ ಬೀದಿಯ ತಿರುವಿನಲ್ಲಿ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಒಂದು ಆಟೋ ಬಂದು ನಿಂತಿತು. ಹಿಂದಿನ ಸೀಟಿನ ತುಂಬ ಜೀನ್ಸ್ ಬಟ್ಟೆಯ ಸುರುಳಿಗಳು. ಹೊಸ ಜೀನ್ಸ್ ಬಟ್ಟೆಗೆ ತನ್ನದೇ ಒಂದು ವಾಸನೆಯಿದೆ, ನೀವು ಗಮನಿಸಿದ್ದೀರೋ ಇಲ್ಲವೋ. ಗಂಜಿ ಮತ್ತು ನೀಲಿ ಬಣ್ಣ ಸೇರಿದ ಒಂದು ಹುಳಿ ವಾಸನೆ. ಬಳ್ಳಾರಿಯಲ್ಲಿದ್ದವರಿಗೆ ಅದೇನೂ ಹೊಸದಲ್ಲ. ಊರಿನ ಅರ್ಧ ಓಣಿಗಳು ಹಾಗೇ ನಾರುತ್ತವೆ. ಆದರೂ ಅವತ್ತು ಯಾಕೋ ಪೊಟ್ಟಣ ಹಿಡಿದು ಮನೆಗೆ ಬಂದವನಿಗೆ ತಿನ್ನಲಾಗಲಿಲ್ಲ. ಗಾದಿಲಿಂಗಪ್ಪನವರ ಮನೆಯ ಹಿಂದಿನ ಕೋಣೆಗೆ ಇದೇ ವಾಸನೆಯಿತ್ತು.

ಗಾದಿಲಿಂಗಪ್ಪನವರು ಯಾರೆಂದು ಹೇಳಬೇಕು. ಸಿರುಗುಪ್ಪದ ಹೈಸ್ಕೂಲಿನಲ್ಲಿ ನಾನು ಕನ್ನಡ, ಅವರು ಗಣಿತ. ಇಪ್ಪತ್ತಾರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರು. ಅವರ ಊರು ಕುರುಗೋಡಿನ ಹತ್ತಿರದ ಬಾದನಹಟ್ಟಿ. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟವೊಂದೇ ಇತ್ತು. ವೈಶಾಖದ ಹುಣ್ಣಿಮೆಗೆ ಅವರ ಮನೆಯಿಂದ ಪಾಯಸ ಬರುತ್ತಿತ್ತು, ಯುಗಾದಿಗೆ ನನ್ನ ಹೆಂಡತಿ ಶಾರದೆ ಅವರಿಗೆ ಹೋಳಿಗೆ ಕಳಿಸುತ್ತಿದ್ದಳು. ನಿವೃತ್ತಿಯ ನಂತರ ಇಬ್ಬರೂ ಬಳ್ಳಾರಿ ಸೇರಿದೆವು. ಅವರು ಕಂಟೋನ್ಮೆಂಟಿನ ಆಚೆ ಮೂರು ಕೋಣೆಯ ಮನೆ ಕಟ್ಟಿಸಿಕೊಂಡರು. ಸಂಜೆಯಾದರೆ ಕಂಟೋನ್ಮೆಂಟಿನ ಹಳೆಯ ಮರಗಳ ಕೆಳಗೆ ಇಬ್ಬರ ವಾಕಿಂಗು. ನಾನು ಮಾತಾಡುತ್ತಿದ್ದೆ, ಅವರು ಕೇಳುತ್ತಿದ್ದರು. ನಮಗೆ ಮಕ್ಕಳಿರಲಿಲ್ಲ, ಗಾದಿಲಿಂಗಪ್ಪನವರೂ ಒಂಟಿ. ಇಂಥ ಇಬ್ಬರಿಗೆ ಸಂಜೆ ಎಂಬುದು ಎಷ್ಟು ದೊಡ್ಡ ವಿಷಯ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನ ಕೋಣೆಯನ್ನು ಅವರು ಒಡಿಶಾದ ಕಡೆಯಿಂದ ಬಂದ ಗಂಡ ಹೆಂಡತಿಗೆ ಬಾಡಿಗೆ ಕೊಟ್ಟಿದ್ದರು. ಇಬ್ಬರೂ ಜೀನ್ಸ್ ಹೊಲಿಯುವವರು. ದಿನವಿಡೀ ಅಲ್ಲಿಂದ ಮಷಿನ್ನಿನ ಸದ್ದು, ಆ ವಾಸನೆ. ನಾನು ಹೋದಾಗ ಆ ಹುಡುಗಿ ನೀರು ತಂದಿಡುತ್ತಿದ್ದಳು, ಅವಳಿಗೆ ತಿಳಿದ ನಾಲ್ಕು ಕನ್ನಡ ಮಾತಿನಲ್ಲಿ ಕ್ಷೇಮ ಕೇಳುತ್ತಿದ್ದಳು.

ಇನ್ನು ಆ ಮನುಷ್ಯನ ವಿಷಯ. ಹೆಸರು ಬೇಡ. ಊರಿಗೆ ಊರೇ ಅವನನ್ನು ಅಣ್ಣ ಅನ್ನುತ್ತಿತ್ತು. ಕೊನೆಗೆ ನಾನೂ ಅಣ್ಣ ಎಂದೆ. ಅವನಿಗಿಂತ ಇಪ್ಪತ್ತೈದು ವರ್ಷ ದೊಡ್ಡವನು, ಅವನಿಗೆ ಸಂಧಿ ಸಮಾಸ ಕಲಿಸಿದವನು! ಸಿರುಗುಪ್ಪದ ಹೈಸ್ಕೂಲಿನಲ್ಲಿ ನನ್ನ ಶಿಷ್ಯನಾಗಿದ್ದ. ಓದಿನಲ್ಲಿ ಅಷ್ಟಕ್ಕಷ್ಟೆ. ಆದರೆ ಒಂದು ವಿದ್ಯೆ ಇತ್ತು. ಶಾಲೆಯ ಎಲ್ಲರ ಹೆಸರು, ಅವರವರ ಅಪ್ಪಂದಿರ ಹೆಸರು, ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅದೂ ಒಂದು ವಿದ್ಯೆಯೆಂದು ನಮಗಾಗ ಹೊಳೆದಿರಲಿಲ್ಲ. ಅದಕ್ಕೆ ಅಂಕಗಳಿರಲಿಲ್ಲ ನೋಡಿ.

ಗಣಿಗಳು ನಿಂತ ಕಾಲದಲ್ಲಿ ಅವನು ಮೊದಲು ಕಾಣಿಸಿಕೊಂಡ. ರಸ್ತೆಯ ಎರಡೂ ಬದಿ ಲಾರಿಗಳು ಸಾಲಾಗಿ ನಿಂತು ತುಕ್ಕು ಹಿಡಿಯುತ್ತಿದ್ದಾಗ, ಅವುಗಳ ನೆರಳಿನಲ್ಲಿ ಇಸ್ಪೀಟಾಡುತ್ತಿದ್ದ ಡ್ರೈವರುಗಳ ಜೊತೆ ಇವನೂ ಕೂರುತ್ತಿದ್ದನಂತೆ. ಭಾಷಣವಿಲ್ಲ, ಬಾವುಟವಿಲ್ಲ. ಸುಮ್ಮನೆ ಕೇಳುವುದು. ಎಲ್ಲ ಕೇಳಿದ ಮೇಲೆ ಏಳುವಾಗ ಒಂದೇ ಪ್ರಶ್ನೆ: "ಇದಕ್ಕೆಲ್ಲ ಯಾರು ಕಾರಣ ಅಂತ ನೀವು ತಿಳಕೊಂಡೀರಿ?" ಉತ್ತರವನ್ನು ಅವನು ಹೇಳುತ್ತಿರಲಿಲ್ಲ. ಅದನ್ನು ಅವರ ಬಾಯಿಂದಲೇ ಹೊರಡಿಸುತ್ತಿದ್ದ. ಮುಂದೆ ಜೀನ್ಸ್ ಶೆಡ್ಡುಗಳಲ್ಲಿ ಕೆಲಸ ಅರ್ಧಕ್ಕರ್ಧ ಇಳಿದಾಗ ಅಲ್ಲಿಯೂ ಹೋದ, ಅಲ್ಲಿಯೂ ಅದೇ ಪ್ರಶ್ನೆ. ವಾಕಿಂಗಿನಲ್ಲಿ ನಾನು ಅವನನ್ನು ಹೊಗಳಿದರೆ ಗಾದಿಲಿಂಗಪ್ಪನವರು, ಆ ಹುಡುಗ ಲೆಕ್ಕ ಬಿಡಿಸುವುದಿಲ್ಲ, ಉತ್ತರ ಮೊದಲೇ ಇಟ್ಟುಕೊಂಡು ಬರುತ್ತಾನೆ ಎಂದಿದ್ದರು. ಗಣಿತದವರ ಮಾತೇ ಹೀಗೆ ಎಂದು ನಕ್ಕುಬಿಟ್ಟೆ.

ಆಮೇಲೆ ರೋಗದ ವರ್ಷ ಬಂತು. ಶಾರದೆ ಹೋದದ್ದು ಆ ರೋಗದಿಂದಲ್ಲ, ಎದೆನೋವಿನಿಂದ. ಆದರೆ ಆ ದಿನಗಳಲ್ಲಿ ಯಾವ ಸಾವಾದರೂ ಒಂದೇ. ಅಕ್ಕಪಕ್ಕದವರು ಕಿಟಕಿಯಿಂದ ನೋಡಿದರು. ಅವರನ್ನು ದೂರುವುದಿಲ್ಲ, ನಾನಾಗಿದ್ದರೂ ಕಿಟಕಿಯಿಂದಲೇ ನೋಡುತ್ತಿದ್ದೆ. ಅಕ್ಕನನ್ನು ನೋಡಲು ಬಾದನಹಟ್ಟಿಗೆ ಹೋಗಿದ್ದ ಗಾದಿಲಿಂಗಪ್ಪನವರು ಅಲ್ಲೇ ಸಿಕ್ಕಿಬಿದ್ದಿದ್ದರು. ಊರಿನವರು ರಸ್ತೆಗೆ ಮುಳ್ಳು ಹಾಕಿ ಬಂದ್ ಮಾಡಿದ್ದರು. ಫೋನಿನಲ್ಲಿ ಅವರು ಅತ್ತದ್ದು ಕೇಳಿಸಿತು. ಹೆಣ ಎತ್ತಲು ಮಾತ್ರ ಜನ ಬೇಕಿತ್ತು.

ಮಧ್ಯಾಹ್ನ ಬಾಗಿಲಲ್ಲಿ ಅವನು ನಿಂತಿದ್ದ, ಜೊತೆಗೆ ಇಬ್ಬರು. ಚಪ್ಪಲಿ ಬಿಟ್ಟು ಒಳಗೆ ಬಂದು ಶಾರದೆಯ ಕಾಲು ಮುಟ್ಟಿ ನಮಸ್ಕರಿಸಿದ. ಚಟ್ಟಕ್ಕೆ ತಾನೇ ಹೆಗಲು ಕೊಟ್ಟ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ಅವನದೆಲ್ಲ ನಾಟಕ ಎಂದುಬಿಡಬಹುದು. ಆ ಹೆಗಲು ನಾಟಕವಲ್ಲ. ಭಾರ ಭಾರವೇ.

ಅಂದಿನಿಂದ ಪ್ರತಿ ಗುರುವಾರ ಸಂಜೆ ಬರತೊಡಗಿದ. ನೇರ ಅಡುಗೆಮನೆಗೆ ಹೋಗಿ ಚಹಾ ತಾನೇ ಕಾಸುತ್ತಿದ್ದ. ಶಾರದೆಯ ಕೈಯ ಅಡುಗೆ, ನನ್ನ ಪಾಠ, ಹಳೆಯ ಶಾಲೆ ಎಂದು ಮಾತು ಸಾಗುತ್ತಿತ್ತು. ಒಂದು ಗುರುವಾರ ಲೋಟ ತೊಳೆಯುತ್ತ, ಬೆನ್ನು ನನ್ನ ಕಡೆ ಇದ್ದಂತೆಯೇ ಕೇಳಿದ: "ಅಲ್ರಿ ಸರ, ಇಷ್ಟು ವರ್ಷದ ದೋಸ್ತರು ನಿಮಗ. ಅಮ್ಮಾರು ಹೋದಾಗ ಯಾರು ಬಂದ್ರು?"

ರಸ್ತೆಗೆ ಮುಳ್ಳು ಹಾಕಿದ್ದರು ಎಂದು ಹೇಳಬಹುದಿತ್ತು. ಹನ್ನೊಂದನೆಯ ದಿನ ಗಾದಿಲಿಂಗಪ್ಪನವರು ಅಷ್ಟು ದೂರ ಸೈಕಲ್ಲು ತುಳಿದು ಬಂದು ನನ್ನ ಕಟ್ಟೆಯ ಮೇಲೆ ಕುಸಿದು ಕೂತದ್ದನ್ನೂ ಹೇಳಬಹುದಿತ್ತು. ಹೇಳಲಿಲ್ಲ. ದುಃಖವೊಂದೇ ಇದ್ದರೆ ಅದನ್ನು ಹೊತ್ತು ತಿರುಗುವುದು ಕಷ್ಟ. ಯಾರದಾದರೂ ತಪ್ಪು ಸಿಕ್ಕರೆ ಅದನ್ನು ಇಳಿಸಲು ಒಂದು ಜಾಗವಾಗುತ್ತದೆ. ಡ್ರೈವರನಿಗೆ ಅವನು ಒಂದು ಜಾಗ ತೋರಿಸಿದ್ದ, ಟೈಲರನಿಗೆ ಇನ್ನೊಂದು. ನನಗೆ ತೋರಿಸಿದ್ದು ಗಾದಿಲಿಂಗಪ್ಪನವರನ್ನು. ನಾನು ಸಂಜೆಯ ವಾಕಿಂಗು ಕಡಿಮೆ ಮಾಡಿದೆ. ಕೇಳಿದವರಿಗೆಲ್ಲ ಮಂಡಿನೋವು ಎಂದೆ.

ಚುನಾವಣೆ ಹತ್ತಿರ ಬಂದಾಗ, ತಾನೇ ಅಭ್ಯರ್ಥಿಯಾಗಿದ್ದ ಅವನು ಭಾಷಣದ ಹಾಳೆಗಳನ್ನು ತಂದು ನನ್ನ ಮುಂದಿಟ್ಟ. ಸಂಭ್ರಮದಿಂದ ತಿದ್ದಿದೆ. ಲಕಾರ ಳಕಾರ, ಒತ್ತಕ್ಷರ, ವಿಭಕ್ತಿ, ಒಂದನ್ನೂ ಬಿಡಲಿಲ್ಲ. ಅದರಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ ಓದಲಿಲ್ಲ! ಕುರುಗೋಡಿನ ಸಭೆಗೆ ನನ್ನದೇ ಒಂದು ಮಾತು ಬೇಕು, ಜನರ ಎದೆಗೆ ನಾಟಬೇಕು ಎಂದ. ಬರೆದುಕೊಟ್ಟೆ: "ಕಷ್ಟದಾಗ ಬಾಗಿಲಿಗೆ ಬಂದವರೇ ನಮ್ಮವರು." ಓದಿ ಅವನ ಕಣ್ಣು ಒದ್ದೆಯಾಯಿತು. ನನ್ನದೂ ಆಯಿತು.

ಕುರುಗೋಡಿನ ಬಂಡೆಗುಡ್ಡದ ಕೆಳಗಿನ ಬಯಲಲ್ಲಿ ಸಭೆ. ನಾಲ್ಕು ಗಂಟೆಯ ಬಿಸಿಲು. ನನ್ನನ್ನು ವೇದಿಕೆಯ ಮೇಲೆ ಕೂರಿಸಿ, ನನ್ನ ಗುರುಗಳು ಎಂದು ತೋರಿಸಿದ. ಆಮೇಲೆ ನನ್ನ ಮಾತು ಹೇಳಿದ. ಚಪ್ಪಾಳೆ. ಅದು ನಿಲ್ಲುವವರೆಗೂ ಕಾದು, ದನಿ ತಗ್ಗಿಸಿ ತನ್ನದೊಂದು ಮಾತು ಸೇರಿಸಿದ. "ಹಂಗಾದ್ರ ನಮ್ಮವರಲ್ಲದವರು ಯಾರು? ನಮ್ಮ ಹೊಲಿಗಿ ಮಷಿನ್ ಮುಂದ ಇವತ್ತು ಯಾರು ಕುಂತಾರ? ನಾ ಹೇಳೂದಿಲ್ಲ. ನಿಮಗ ಗೊತ್ತೈತಿ."

ಬಯಲು ಒಂದೇ ಗಂಟಲಾಗಿ ಕೂಗಿತು. ನನ್ನ ಬೆನ್ನಹುರಿಯಲ್ಲಿ ಬಿಸಿಯಾದದ್ದೇನೋ ಹರಿಯಿತು. ಸುಳ್ಳು ಹೇಳಬಾರದು, ಅದು ಸುಖವೇ. ಶಾರದೆ ಹೋದ ಮೇಲೆ ಮೊದಲ ಸಲ ಅಷ್ಟು ಜನರ ನಡುವೆ ನಾನೂ ಒಬ್ಬನಾಗಿದ್ದೆ. ಚಪ್ಪಾಳೆ ತಟ್ಟಿದೆ. ಜನರ ಅಂಚಿನಲ್ಲಿ, ತಲೆಗೆ ಟವಲು ಹಾಕಿಕೊಂಡು ಗಾದಿಲಿಂಗಪ್ಪನವರು ನಿಂತಿದ್ದರು. ಅವರು ನೋಡುತ್ತಿದ್ದುದು ವೇದಿಕೆಯನ್ನಲ್ಲ, ನನ್ನ ಕೈಗಳನ್ನು.

ಸಭೆಯ ನಂತರದ ಭಾನುವಾರ ಬೆಳಿಗ್ಗೆ ಮೂವತ್ತು ನಲವತ್ತು ಜನ ಬಳ್ಳಾರಿಯ ಹೊಲಿಗೆಯವರ ಓಣಿಗಳಲ್ಲಿ ಮನೆಮನೆ ಹುಡುಕುತ್ತ ಕಂಟೋನ್ಮೆಂಟಿನ ಕಡೆಗೂ ಬಂದರು. ಗಾದಿಲಿಂಗಪ್ಪನವರು ಅಡ್ಡ ನಿಂತರೂ ಅವರನ್ನು ಮೆಲ್ಲಗೆ ಬದಿಗೆ ಸರಿಸಿ, ಹಿಂದಿನ ಕೋಣೆಯ ಎರಡೂ ಮಷಿನ್ನುಗಳನ್ನು ಎತ್ತಿ ತಂದು ರಸ್ತೆಗೆ ಹಾಕಿದರಂತೆ. ನಾಳೆಯೊಳಗೆ ಊರು ಬಿಡಬೇಕು ಎಂದರಂತೆ. ಹತ್ತು ಗಂಟೆಗೆ ಗಾದಿಲಿಂಗಪ್ಪನವರು ನನ್ನ ಮನೆಗೆ ಬಂದರು. ಒಂದೊಂದು ಕಾಲಿಗೆ ಒಂದೊಂದು ಜೋಡಿನ ಚಪ್ಪಲಿ.

"ಸರ, ನಿಮ್ಮ ಮಾತು ಅವ ಕೇಳ್ತಾನ. ಒಂದು ಫೋನ್ ಮಾಡ್ರಿ. ಆ ಹುಡುಗಿ ಏಳು ತಿಂಗಳ ಬಸುರಿ ಅದಾಳ."

ಫೋನು ಮೇಜಿನ ಮೇಲೇ ಇತ್ತು. ಅವನು ಅಂಥವನಲ್ಲ, ಹಿಂಬಾಲಕರು ದುಡುಕಿರಬೇಕು, ಗುರುವಾರ ಬರುತ್ತಾನಲ್ಲ, ಆಗ ನಿಧಾನವಾಗಿ ಹೇಳುತ್ತೇನೆ ಎಂದೆ.

ಅವರು "ಗುರುವಾರಕ್ಕ ಇನ್ನ ನಾಕು ದಿನ ಐತ್ರಿ, ಸರ" ಎಂದು ಎದ್ದು ಹೋದರು.

ನಾನು ಯಾಕೆ ಫೋನ್ ಮಾಡಲಿಲ್ಲ? ಹೆದರಿಕೆ. ಅವನು ಹೊಡೆದಾನು ಬಡಿದಾನು ಎಂದಲ್ಲ. ಅವನಿಗೆ ಬೇಸರವಾದರೆ ಗುರುವಾರ ಆ ಕುರ್ಚಿ ಖಾಲಿ ಉಳಿಯುತ್ತದೆ ಎಂಬ ಹೆದರಿಕೆ. ಒಂದು ಕುರ್ಚಿಗಾಗಿ, ಓದುಗರೇ, ಒಬ್ಬ ಕನ್ನಡ ಮೇಷ್ಟ್ರು ಬಾಯಿ ಮುಚ್ಚಿಕೊಂಡ. ಗಂಡ ಹೆಂಡತಿ ಸೋಮವಾರ ಬೆಳಿಗ್ಗೆಯೇ ರೈಲು ಹತ್ತಿದರು. ಗುರುವಾರ ಅವನು ಬಂದ, ಚಹಾ ಕಾಸಿದ, ಇನ್ನೊಂದು ಮಾತು ಬರೆದುಕೊಡಿ ಎಂದ. ಅದನ್ನೂ ಬರೆದುಕೊಟ್ಟೆ. ಆ ತಿಂಗಳು ಮುಗಿಯುವುದರೊಳಗೆ ಗಾದಿಲಿಂಗಪ್ಪನವರು ಮನೆಗೆ ಬೀಗ ಹಾಕಿ ಬಾದನಹಟ್ಟಿಗೆ ಹೋಗಿಬಿಟ್ಟರು. ನನಗೆ ಹೇಳಿ ಹೋಗಲಿಲ್ಲ.

ಅವನು ಗೆದ್ದ. ಗುರುವಾರಗಳು ಮೊದಲು ತಡವಾದವು, ಆಮೇಲೆ ನಿಂತವು. ಮೂರು ವಾರ ಹೆಚ್ಚಿಗೆ ಹಾಲು ತಂದಿಟ್ಟು ಕಾದೆ. ನಾಲ್ಕನೆಯ ವಾರ ಕಂಟೋನ್ಮೆಂಟಿನ ಅವನ ಹೊಸ ಬಂಗಲೆಗೆ ನಾನೇ ಹೋದೆ. ಹುಣಸೆಮರದ ಕೆಳಗಿನ ಬೆಂಚುಗಳಲ್ಲಿ ಹತ್ತಾರು ಮಂದಿ ಕಾಯುತ್ತಿದ್ದರು. ಪಕ್ಕದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಮುದುಕಿ. ಮಾತಿಗೆ ಮಾತು ಬಂದು ಆಕೆ ಹೇಳಿದಳು: "ಮಂಗಳವಾರ ತಪ್ಪದಂಗ ಬರ್ತಿದ್ದನ್ರಿ. ನನ್ನ ಕೈ ರೊಟ್ಟಿ ಅಂದ್ರ ಅವಂಗ ಜೀವ. ನೀ ಇಲ್ಲಂದ್ರ ನಾ ಇಲ್ಲಬೇ ಅಂತಿದ್ದ." ಆಚೆ ಕೂತಿದ್ದ ಲಾರಿ ಡ್ರೈವರ್ ತಲೆ ಎತ್ತಿದ. ಅವನದು ಶುಕ್ರವಾರವಂತೆ. ಒಬ್ಬನೇ ವರನಿಗಾಗಿ ಸಿಂಗರಿಸಿಕೊಂಡು ಬಂದ ಮದುವಣಗಿತ್ತಿಯರ ಹಾಗೆ ನಾವೆಲ್ಲ ಪರಸ್ಪರ ಮುಖ ತಪ್ಪಿಸಿ ಕೂತೆವು. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡಿದ್ದವರು. ನಾವು ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರೆ ಅವನಿಗೆ ಅಷ್ಟು ಬಾಗಿಲುಗಳು ತೆರೆಯುತ್ತಲೇ ಇರಲಿಲ್ಲ ಎಂದು ಅಲ್ಲಿ ಕೂತು ಅನ್ನಿಸಿತು. ಅಷ್ಟರಲ್ಲಿ ಕಾರು ಹೊರಬಂತು. ಗಾಜು ಇಳಿಯಿತು. ನನ್ನ ಹೆಸರು ಹಿಡಿದು, ಮಂಡಿನೋವು ಹೇಗಿದೆ ಎಂದು ಕೇಳಿದ. ಉತ್ತರ ಕೊಡುವುದರೊಳಗೆ ಗಾಜು ಮೇಲೇರಿತ್ತು. ಇರದ ನೋವನ್ನೂ ಮರೆತಿರಲಿಲ್ಲ ಅವನು.

ಇದೆಲ್ಲ ಆಗಿ ವರ್ಷಗಳಾದವು. ಬಾದನಹಟ್ಟಿಗೆ ಹೋಗಬೇಕು ಎಂದು ಎಷ್ಟೋ ಸಲ ಅಂದುಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಮರಳಿದ್ದೇನೆ. ಮೊನ್ನೆ ಆ ಆಟೋ ನಿಂತು ಹೋಯಿತಲ್ಲ, ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿಬಿಟ್ಟೆ.

ಗಾದಿಲಿಂಗಪ್ಪನವರು ಅಂಗಳದಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತಿದ್ದರು. ತುಂಬ ಇಳಿದುಹೋಗಿದ್ದಾರೆ. "ಬರ್ರಿ ಸರ" ಎಂದು ಗೋಣಿಚೀಲ ಹಾಸಿದರು. ಬಿಳಿಚಿದ ಕಾಯಿಗಳನ್ನು ಆರಿಸುತ್ತ ನಾನೂ ಕೂತೆ. ಅರ್ಧ ಗಂಟೆಯ ನಂತರ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಮರೆತು, "ಅವತ್ತು ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಅವ ಬರೂದು ಬಿಟ್ಟಾನು ಅಂತ ಅಂಜಿದೆ" ಎಂದಷ್ಟೇ ಹೇಳಿದೆ.

ಅವರ ಕೈ ನಿಲ್ಲಲಿಲ್ಲ. ಕಾಯಿ ಆರಿಸುತ್ತಲೇ ಕೇಳಿದರು: "ಆ ಹುಡುಗಿ ಹೆಸರು ಗೊತ್ತೈತೇನ್ರಿ ನಿಮಗ?"

ಗೊತ್ತಿರಲಿಲ್ಲ. ಎರಡು ವರ್ಷ ಅವಳ ಕೈಯಿಂದ ನೀರು ಕುಡಿದಿದ್ದೆ.

"ಮಿನತಿ. ಗಂಡು ಹುಟ್ಟೈತೋ ಹೆಣ್ಣು ಹುಟ್ಟೈತೋ ನನಗೂ ತಿಳೀಲಿಲ್ಲ. ಫೋನ್ ಹಚ್ಚತೀನಿ, ಹತ್ತಂಗಿಲ್ಲ."

ಊಟಕ್ಕೆ ರೊಟ್ಟಿ ಹಾಕಿದರು, ಬಸ್ಸಿನ ಹೊತ್ತು ನೆನಪಿಸಿದರು. ಕ್ಷಮಿಸಿದ್ದೇನೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಕುರುಗೋಡು ದಾಟುವವರೆಗೂ, ಹಾಜರಿ ಕೂಗುವಾಗಿನ ಹಾಗೆ, ಆ ಹೆಸರನ್ನು ಮತ್ತೆ ಮತ್ತೆ ಹೇಳಿಕೊಂಡೆ. ಪ್ರತಿ ಸಲವೂ ಉತ್ತರಕ್ಕೆ ಸ್ವಲ್ಪ ಕಾದೆ.