ಅಕ್ಕ ಹೇಳಿಕೊಟ್ಟ ಮನೆ

ಮೊನ್ನೆ ನಾಗಸಂದ್ರದ ಮೆಟ್ರೋದಲ್ಲಿ ಪಕ್ಕ ನಿಂತಿದ್ದ ಕಾರ್ಮಿಕನ ಅಂಗಿಯಿಂದ ಮೆಷಿನ್ ಎಣ್ಣೆಯ ವಾಸನೆ ಬಂತು. ಎದುರಿನವರು ಮೂಗು ಸಿಂಡರಿಸಿದರು. ನನಗೆ ಮಾತ್ರ ನಮ್ಮ ಹಿತ್ತಲಿನ ಒಗೆಯುವ ಕಲ್ಲು, ಅದರ ಮುಂದೆ ಸೀರೆ ಎತ್ತಿಕಟ್ಟಿ ನಿಂತ ಅಕ್ಕ ಕಣ್ಣಿಗೆ ಕಟ್ಟಿದರು...

ಎಂಬತ್ತರ ದಶಕದ ಮಾತು. ಅಪ್ಪ ಹಿತ್ತಲಾಚೆಯ ಹೊಲದಂಚಿನಲ್ಲಿ ಕಟ್ಟಿಸಿದ್ದ ಶೀಟಿನ ಮನೆಗೆ ಬಾಡಿಗೆಗೆ ಬಂದವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಊರು ಪಾಂಡಿಚೇರಿ, ಮನೆಮಾತು ತಮಿಳು, ಕನ್ನಡ ನಮ್ಮಮ್ಮನಿಂದ ಕಲಿತದ್ದು. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಕೆಲಸ. ಸುತ್ತಮುತ್ತ ನೆಂಟರೆಂಬುವರು ಒಬ್ಬರೂ ಇರಲಿಲ್ಲ.

ನಾನು ಬಿ.ಎ.ಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದೆ. ಅದರಲ್ಲಿ ಮಾರ್ಕು ಸುರಿಯುತ್ತದೆ ಎಂದು ಹೇಳಿದ ಗೆಳತಿ ತಾನು ಮಾತ್ರ ಕನ್ನಡವನ್ನೇ ತೆಗೆದುಕೊಂಡಳು, ಜಾಣೆ! ಬರೆಯುವುದನ್ನು ಹೇಗೋ ಉರು ಹೊಡೆಯಬಹುದಿತ್ತು. ಬಾಯಿಪರೀಕ್ಷೆಗೆ ಹೇಳಿಕೊಡುವವರೇ ಇರಲಿಲ್ಲ. ನನಗೋ ಟೀಚರಾಗುವ ಆಸೆ. ಅಪ್ಪ ಮೊದಲೇ ಎಚ್ಚರಿಸಿದ್ದರು: "ಫೇಲಾದ್ರೆ ಅಲ್ಲಿಗೆ ಮುಗೀತು ಕಣವ್ವ. ಮತ್ತೆ ಕಾಲೇಜ್ ಕಡೆ ಮುಖ ಆಕ್ಬೇಡ."

ಅಕ್ಕ ಶಾಲೆಯಲ್ಲಿ ಫ್ರೆಂಚ್ ಓದಿದ್ದರೆಂದು ಗೊತ್ತಾದದ್ದು ಆಗಲೇ. ಪಾಠವೆಲ್ಲ ಒಗೆಯುವ ಕಲ್ಲಿನ ಹತ್ತಿರವೇ. ಸೋಡಾದಲ್ಲಿ ನೆನೆಸಿದ, ಮೆಷಿನ್ ಎಣ್ಣೆ ಮೆತ್ತಿದ ಗಂಡನ ಯೂನಿಫಾರಂ ಬಡಿಯುತ್ತ ನನ್ನ ಉತ್ತರ ಕೇಳುತ್ತಿದ್ದರು. ನಾನು ತಪ್ಪಿದೊಡನೆ ಬಡಿತ ನಿಲ್ಲುತ್ತಿತ್ತು. ಸರಿಯಾಗಿ ಹೇಳಿದರೆ ಮತ್ತೆ ಧಪಧಪ.

ಪರೀಕ್ಷೆಯಲ್ಲಿ ಮನೆಯ ಬಗ್ಗೆ ಖಂಡಿತ ಕೇಳುತ್ತಾರೆ ಎಂದು ಕಾಲೇಜಿನಲ್ಲಿ ಹೇಳಿದ್ದರು. ನಮ್ಮನೆ ಎಂದರೆ ರಾಗಿ ಕಣಜ, ಕೊಟ್ಟಿಗೆ, ತಿಪ್ಪೆ... ಒಂದಕ್ಕೂ ಅಕ್ಕನ ಹತ್ತಿರ ಫ್ರೆಂಚ್ ಇರಲಿಲ್ಲ.

"ನಿಮ್ಮನೇದು ನಂಗೆ ಬರಲ್ಲ ಕಣ್ಣು," ಎಂದು ತಮ್ಮ ತಮಿಳು ಮುದ್ದುಮಾತು ಸೇರಿಸಿ ನಕ್ಕರು. "ನಮ್ಮನೇದು ಬರತ್ತೆ. ಅದನ್ನೇ ಕಲ್ತ್ಕೋ."

ಹಾಗೆ ಅವರ ತವರುಮನೆಯನ್ನು ಬಾಯಿಪಾಠ ಮಾಡಿದೆ. ಸಮುದ್ರದ ಬದಿಯ ಹಳದಿ ಮನೆ, ಎತ್ತರದ ಕಿಟಕಿಗಳು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ಕೂರುವ ಅಜ್ಜಿ, ಬೆಳಿಗ್ಗೆ ಮೀನು ತರುವವಳ ಕೂಗು. ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ಅದನ್ನು ಮಾರಿಬಿಟ್ಟಿದ್ದರು. ಒಮ್ಮೊಮ್ಮೆ ನಾನು ತಪ್ಪದಿದ್ದರೂ ಬಡಿತ ನಿಂತುಬಿಡುತ್ತಿತ್ತು.

ಪರೀಕ್ಷೆಯಲ್ಲಿ ಮೇಡಂ ಅದನ್ನೇ ಕೇಳಿದರು. ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಅವರು ಫ್ರೆಂಚ್ ಬಿಟ್ಟು ಕನ್ನಡದಲ್ಲೇ, "ಪಾಂಡಿಚೇರಿ ಹುಡುಗಿನಾ ನೀನು?" ಎಂದರು. ಅಲ್ಲಿಯವರೆಗೆ ನಾನು ಕಂಡಿದ್ದ ದೊಡ್ಡ ನೀರೆಂದರೆ ನಮ್ಮೂರ ಕೆರೆ.

"ಹೌದು ಮೇಡಂ," ಎಂದುಬಿಟ್ಟೆ!

ಬಸ್ಸಿಳಿದವಳೇ ಹಿತ್ತಲಿಗೆ ಓಡಿದೆ. "ಅಕ್ಕ, ಎಲ್ಲಾ ಹೇಳ್ಬಿಟ್ಟೆ! ಒಂದೂ ಬಿಡ್ಲಿಲ್ಲ!"

"ಅಜ್ಜಿ?"

"ಅಜ್ಜಿನೂ."

ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. "ಅಣ್ಣಂದಿರು ಮರ್ತೇಬಿಟ್ರು. ನನ್ ಬಿಟ್ರೆ ಆ ಮನೆ ಈಗ ನಿಂಗೊಬ್ಳಿಗೇ ಗೊತ್ತು," ಎಂದರು.

ನಾನು ಪಾಸಾದೆ. ಅದೇ ವರ್ಷ ಅಕ್ಕನ ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಟರು, ಆಮೇಲೆ ಸುದ್ದಿಯೇ ಇಲ್ಲ. ನಾನು ಟೀಚರಾಗಿ ನಿವೃತ್ತಿಯೂ ಆಯಿತು. ಅಕ್ಕನನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿದೆ.

ಕಲಿತ ಫ್ರೆಂಚೆಲ್ಲ ಮರೆತಿದೆ, ಆ ಮನೆಯೊಂದನ್ನು ಬಿಟ್ಟು. ಮೊನ್ನೆ ಮೆಟ್ರೋ ಇಳಿದು ನಡೆಯುತ್ತ ಮನಸ್ಸಿನಲ್ಲೇ ಹೇಳಿಕೊಂಡೆ. ಸಮುದ್ರ ಬಂತು, ಕಿಟಕಿ ಬಂತು, ಅಜ್ಜಿಯೂ ಬಂದಳು. ನಡುವಿನ ಒಂದು ಸಾಲು ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ. ಅದರಲ್ಲಿ ಆ ಮನೆಯ ಯಾವ ಕೋಣೆಯಿತ್ತೋ... ಕೇಳೋಣವೆಂದರೆ ಅಕ್ಕನ ವಿಳಾಸವೇ ಇಲ್ಲ.